ಎದುರಾಳಿ ಇಲ್ಲದ ಅಂಗಣ: ಸಂಪಾದಕರ ಉತ್ತರ

ಶಿವಮೊಗ್ಗದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಮುಖ್ಯ ಭಾಗ ಇದು: "ನಾನು ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದವನು. ಈಗ ಪಿಯುಸಿ ಓದುವ ಮಗ ಕಂಪ್ಯೂಟರಿನಲ್ಲಿ ಎನ್‌ಬಿಎ 2ಕೆ ಆಡುತ್ತಾನೆ. ನೋಡಲು ನಿಜವಾದ ಪಂದ್ಯದ ಹಾಗೇ ಇದೆ. ಆದರೆ ಪ್ರತಿ ಸೆಪ್ಟೆಂಬರಿಗೆ ಹೊಸದು ಬೇಕು ಅಂತಾನೆ. ದುಡ್ಡು ಕೊಟ್ಟು ತಂದ ಮೇಲೂ ಆಟದೊಳಗೆ ಮತ್ತೆ ದುಡ್ಡು ಕೇಳುತ್ತದೆ. ಇದು ಹುಟ್ಟಿದ್ದೇ ಹೀಗಾ, ಆಮೇಲೆ ಹೀಗಾಯಿತಾ? ಇದನ್ನು ಬಿಟ್ಟರೆ ಬೇರೆ ಆಟವೇ ಇಲ್ವಾ?"

ಪ್ರಿಯ ಓದುಗರೇ,

ಹುಟ್ಟಿದ್ದು ಹೀಗಲ್ಲ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ಹೆಸರಿನ ಈ ಗೇಮ್ ಸರಣಿ ಹುಟ್ಟಿದ್ದು ಪೈಪೋಟಿಯಲ್ಲಿ. ಪೈಪೋಟಿ ಇದ್ದಷ್ಟು ಕಾಲ ಅದು ಆಡುವವರನ್ನು ಒಲಿಸಿಕೊಳ್ಳಲು ಬೆವರು ಸುರಿಸಿತು. ಎದುರಾಳಿ ಅಂಗಣ ಬಿಟ್ಟ ಮೇಲೂ ಆಟ ಚೆನ್ನಾಗಿಯೇ ಇದೆ. ಆದರೆ ಅದರ ಸುತ್ತ ಅಂಗಡಿ ಬೆಳೆಯಿತು. ನಿಮ್ಮ ಸಿಟ್ಟು ಆ ಅಂಗಡಿಯ ಮೇಲೆ. ಆ ಸಿಟ್ಟು ನ್ಯಾಯವಾದದ್ದೇ.

1990ರ ದಶಕದಲ್ಲಿ ಕ್ರೀಡಾ ಗೇಮ್ ಅಂದರೆ ಎಲೆಕ್ಟ್ರಾನಿಕ್ ಆರ್ಟ್ಸ್, ಅಂದರೆ ಇಎ. 1983ರಲ್ಲೇ ಬ್ಯಾಸ್ಕೆಟ್‌ಬಾಲ್ ತಾರೆಗಳಾದ ಡಾಕ್ಟರ್ ಜೆ ಮತ್ತು ಲ್ಯಾರಿ ಬರ್ಡ್ ಇಬ್ಬರನ್ನೇ ಎದುರುಬದುರು ನಿಲ್ಲಿಸಿದ ಆಟ ತಂದಿದ್ದ ಕಂಪನಿ ಅದು. 1994ರಿಂದ ಎನ್‌ಬಿಎ ಲೈವ್ ಎಂಬ ಸರಣಿ ನಡೆಸುತ್ತಿತ್ತು. ಆರ್ಕೇಡ್‌ಗಳಲ್ಲಿ ಮಿಡ್‌ವೇ ಕಂಪನಿಯ ಎನ್‌ಬಿಎ ಜಾಮ್ ಇತ್ತು. ಅದರಲ್ಲಿ ಇಬ್ಬರ ಮೇಲೆ ಇಬ್ಬರು ಆಡುತ್ತಾರೆ, ಆಟಗಾರರು ಬೋರ್ಡಿಗಿಂತ ಮೇಲೆ ಹಾರುತ್ತಾರೆ. ಮಜಾ ಇತ್ತು, ಆದರೆ ನೀವು ಕಾಲೇಜಿನಲ್ಲಿ ಆಡಿದ ಬ್ಯಾಸ್ಕೆಟ್‌ಬಾಲ್ ಅದಲ್ಲ.

1999ರಲ್ಲಿ ಸೆಗಾ ಕಂಪನಿ ಡ್ರೀಮ್‌ಕಾಸ್ಟ್ ಎಂಬ ಹೊಸ ಕನ್ಸೋಲನ್ನು, ಅಂದರೆ ಟಿವಿಗೆ ಜೋಡಿಸಿ ಆಡುವ ಯಂತ್ರವನ್ನು, ಅಮೆರಿಕಕ್ಕೆ ತಂದಿತು. ಅದಕ್ಕೆ ತನ್ನ ಆಟಗಳನ್ನು ಕೊಡಬೇಕಾದರೆ ಬೇರೆ ಯಾರೂ ಅದರಲ್ಲಿ ಕ್ರೀಡಾ ಗೇಮ್ ಮಾಡಬಾರದು ಎಂದು ಇಎ ಹೇಳಿತು, ಎಂಬುದು ಆಗ ಸೆಗಾ ಅಮೆರಿಕದ ಮುಖ್ಯಸ್ಥರಾಗಿದ್ದ ಬರ್ನಿ ಸ್ಟೋಲರ್ ಅವರ ಮಾತು. ಸೆಗಾ ಒಪ್ಪಲಿಲ್ಲ. ಅದು ಆಗಷ್ಟೇ ಕ್ಯಾಲಿಫೋರ್ನಿಯಾದ ವಿಷುಯಲ್ ಕಾನ್ಸೆಪ್ಟ್ಸ್ ಎಂಬ ಸ್ಟುಡಿಯೋವನ್ನು ಕೊಂಡಿತ್ತು. ಹಿಂದೆ ಇದೇ ಸ್ಟುಡಿಯೋ ಇಎಗಾಗಿ ಪ್ಲೇಸ್ಟೇಷನ್ನಿನ ಮ್ಯಾಡನ್ 96 ಫುಟ್‌ಬಾಲ್ ಗೇಮ್ ಮಾಡುತ್ತಿತ್ತು, ಇಎ ಅದನ್ನು ಅರ್ಧಕ್ಕೇ ರದ್ದು ಮಾಡಿತ್ತು. ಈಗ ಆ ಜನಕ್ಕೇ ಇಎಯನ್ನು ಎದುರಿಸುವ ಕೆಲಸ ಸಿಕ್ಕಿತು. ಮೊದಲು ಅಮೆರಿಕನ್ ಫುಟ್‌ಬಾಲಿನ ಎನ್‌ಎಫ್‌ಎಲ್ 2ಕೆ ಬಂತು. 1999ರ ನವೆಂಬರಿನಲ್ಲಿ ಎನ್‌ಬಿಎ 2ಕೆ.

ಆ ಮೊದಲ ಆಟದ ಮುಖಪುಟದಲ್ಲಿ ಫಿಲಡೆಲ್ಫಿಯಾ 76ಅರ್ಸ್ ತಂಡದ ಅಲನ್ ಐವರ್ಸನ್ ಇದ್ದರು. ದೈತ್ಯರ ನಡುವೆ ಆರಡಿಯ ಮನುಷ್ಯ. ಚೆಂಡನ್ನು ಎಡಕ್ಕೆ ತೋರಿಸಿ ಬಲಕ್ಕೆ ಎಳೆದು ಎದುರಿನವರ ಕಾಲು ತಡವರಿಸುವಂತೆ ಮಾಡುತ್ತಿದ್ದ ಆ ಕ್ರಾಸ್‌ಓವರ್ ನಿಮಗೆ ನೆನಪಿರಬಹುದು. ಮೊದಲ ಐದು ಆವೃತ್ತಿಗಳಿಗೂ ಅವರೇ ಮುಖ. ಮರುವರ್ಷದ 2ಕೆ1ರಲ್ಲಿ ಮೋಡೆಮ್ ಮೂಲಕ, ಫೋನ್ ಲೈನಿನಲ್ಲಿ, ದೂರದ ಊರಿನವರ ಜೊತೆ ಆಡಬಹುದಿತ್ತು. ಆಗ ಕನ್ಸೋಲಿನಲ್ಲಿ ಆನ್‌ಲೈನ್ ಆಟ ಅನ್ನುವುದೇ ಅಪರೂಪ. ಬೀದಿ ಅಂಗಣಗಳೂ ಬಂದವು, ನ್ಯೂಯಾರ್ಕಿನ ರಕ್ಕರ್ ಪಾರ್ಕ್ ಸೇರಿ. ಡ್ರೀಮ್‌ಕಾಸ್ಟ್ ಮಾತ್ರ ಬಾಳಲಿಲ್ಲ. 2001ರಲ್ಲಿ ಸೆಗಾ ಅದನ್ನು ನಿಲ್ಲಿಸಿತು. ಆಟ ಪ್ಲೇಸ್ಟೇಷನ್ 2, ಎಕ್ಸ್‌ಬಾಕ್ಸ್, ಗೇಮ್‌ಕ್ಯೂಬ್ ಕಡೆಗೆ ದಾಟಿತು.

ದುಡ್ಡಿನ ವಿಷಯ ಕೇಳಿದಿರಲ್ಲ, 2004ನ್ನು ನೆನಪಿಡಿ. ಹೊಸ ಆಟಗಳಿಗೆ 50 ಡಾಲರ್ ಇದ್ದ ಕಾಲ ಅದು. ಆ ವರ್ಷದ ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್ ಎರಡನ್ನೂ ಸೆಗಾ ಕಡೆಯವರು 19.99 ಡಾಲರಿಗೆ ಮಾರಿದರು. ಇಎ ತನ್ನ ಮ್ಯಾಡನ್ ಬೆಲೆಯನ್ನೂ ಇಳಿಸಬೇಕಾಯಿತು. ಒಂದೇ ಕ್ರೀಡೆಗೆ ಎರಡು ಒಳ್ಳೆಯ ಆಟಗಳಿದ್ದರೆ ಗಿರಾಕಿಗೆ ಏನು ಸಿಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆದರೆ ಇದು ಒಂದೇ ವರ್ಷ ನಡೆಯಿತು. ಆ ಡಿಸೆಂಬರಿನಲ್ಲಿ ಇಎ ಹೋಗಿ ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್ ಜೊತೆ ಏಕಸ್ವಾಮ್ಯದ ಒಪ್ಪಂದ ಮಾಡಿಕೊಂಡಿತು. ಎನ್‌ಎಫ್‌ಎಲ್ 2ಕೆ ಸರಣಿ ಅಲ್ಲಿಗೇ ಸತ್ತಿತು. ಅದನ್ನು ಇವತ್ತಿಗೂ ಕೊರಗಿನಿಂದ ನೆನೆಯುವವರಿದ್ದಾರೆ. ಮರುತಿಂಗಳು ಸೆಗಾ ವಿಷುಯಲ್ ಕಾನ್ಸೆಪ್ಟ್ಸ್ ಸ್ಟುಡಿಯೋವನ್ನು ಟೇಕ್-ಟೂ ಕಂಪನಿಗೆ 2.4 ಕೋಟಿ ಡಾಲರಿಗೆ ಮಾರಿತು. ಟೇಕ್-ಟೂ ಹೊಸ ಪ್ರಕಾಶನ ಸಂಸ್ಥೆ ಶುರು ಮಾಡಿ ಅದಕ್ಕೆ 2ಕೆ ಎಂದೇ ಹೆಸರಿಟ್ಟಿತು. ಆಟದ ಹೆಸರೇ ಕಂಪನಿಗೆ ಬಂತು.

ಇಲ್ಲಿ ಒಂದು ವಿಷಯ ಗಮನಿಸಿ. ಬ್ಯಾಸ್ಕೆಟ್‌ಬಾಲಿನಲ್ಲಿ ಎನ್‌ಬಿಎ ಹಾಗೆ ಯಾರಿಗೂ ಏಕಸ್ವಾಮ್ಯ ಕೊಡಲಿಲ್ಲ. 2005ರಲ್ಲಿ ಹಲವು ಕಂಪನಿಗಳಿಗೆ ಒಟ್ಟಿಗೇ ಪರವಾನಗಿ ಕೊಟ್ಟಿತು. ಹಾಗಾಗಿ 2ಕೆ ಇವತ್ತು ಒಂಟಿಯಾಗಿರುವುದಕ್ಕೆ ಕಾಗದಪತ್ರ ಕಾರಣವಲ್ಲ. ಕಾರಣ ಗೊತ್ತಾಗಬೇಕಾದರೆ 2010ಕ್ಕೆ ಬರಬೇಕು.

ಆ ವರ್ಷ ಇಎ ಎನ್‌ಬಿಎ ಲೈವ್ ಎಂಬ ಹೆಸರನ್ನೇ ಬಿಟ್ಟು ಎನ್‌ಬಿಎ ಎಲೀಟ್ 11 ಎಂಬ ಹೊಸ ಆಟ ಘೋಷಿಸಿತು. ಕೈಯಲ್ಲಿನ ಸ್ಟಿಕ್ಕಿನಿಂದಲೇ ಆಟಗಾರನ ಪ್ರತಿ ಚಲನೆಯನ್ನು ನಡೆಸಬೇಕೆಂಬ ಯೋಚನೆ ಅದು. ಯೋಚನೆ ಕೆಟ್ಟದಾಗಿರಲಿಲ್ಲ. ಆದರೆ ಜನರಿಗೆ ಆಡಲು ಬಿಟ್ಟ ಡೆಮೊದಲ್ಲಿ ಲೇಕರ್ಸ್ ತಂಡದ ಆಂಡ್ರ್ಯೂ ಬೈನಮ್ ಅಂಗಣದ ನಟ್ಟನಡುವೆ ಎರಡೂ ಕೈ ಚಾಚಿ ಗೊಂಬೆಯಂತೆ ನಿಂತುಬಿಟ್ಟರು. ಆ ವಿಡಿಯೋ ಎಲ್ಲೆಡೆ ಹರಡಿತು. ಬಿಡುಗಡೆಗೆ ಒಂದು ವಾರವಿದ್ದಾಗ ಇಎ ಆಟವನ್ನು ಮುಂದೂಡಿತು, ನವೆಂಬರಿನಲ್ಲಿ ರದ್ದೇ ಮಾಡಿತು. ಅಷ್ಟರಲ್ಲಿ ಹೊರಬಿದ್ದಿದ್ದ ಕೆಲವೇ ಡಿಸ್ಕುಗಳು ಈಗ ಸಂಗ್ರಾಹಕರ ಕೈಯಲ್ಲಿ ದುಬಾರಿ ವಸ್ತುಗಳಾಗಿವೆ.

ಅದೇ ಅಕ್ಟೋಬರಿನಲ್ಲಿ ಎನ್‌ಬಿಎ 2ಕೆ11 ಬಂತು. ಮುಖಪುಟದಲ್ಲಿ ಮೈಕಲ್ ಜೋರ್ಡನ್. 1990ರ ದಶಕದ ಬಹುಪಾಲು ಆಟಗಳಲ್ಲಿ ಜೋರ್ಡನ್ ಇರಲಿಲ್ಲ ಅನ್ನುವುದು ನೆನಪಿದೆಯಾ? ಆಟಗಾರರ ಸಂಘದ ಸಾಮೂಹಿಕ ಪರವಾನಗಿಯಿಂದ ಅವರು ಹೊರಗಿದ್ದರು. ಶಿಕಾಗೊ ಬುಲ್ಸ್ ತಂಡ ಇರುತ್ತಿತ್ತು, ಅವರ ಜಾಗದಲ್ಲಿ ಹೆಸರಿಲ್ಲದ ಯಾರೋ ಒಬ್ಬ ಇರುತ್ತಿದ್ದ. ಆ ಕೊರತೆಯನ್ನು 2ಕೆ11 ಮನಸಾರೆ ತುಂಬಿಸಿತು. ಜೋರ್ಡನ್ ಬದುಕಿನ 10 ಪಂದ್ಯಗಳನ್ನು ಆಯ್ದು, ಅಂದು ಅವರು ಮಾಡಿದ್ದನ್ನು ಇಂದು ನೀವು ಮಾಡಿ ತೋರಿಸಿ ಎಂದಿತು. 1997ರ ಫೈನಲ್ಸ್‌ನಲ್ಲಿ ಯೂಟಾ ಜಾಝ್ ಎದುರು ಮೈ ಸರಿಯಿಲ್ಲದೆಯೂ 38 ಅಂಕ ಗಳಿಸಿದ ಪಂದ್ಯ ಅದರಲ್ಲಿತ್ತು. ಮರುವರ್ಷ ಅದೇ ತಂಡದ ಎದುರು ಹಾಕಿದ ಕೊನೆಯ ಶಾಟ್ ಇತ್ತು. ಕ್ರೀಡೆಯ ಇತಿಹಾಸವನ್ನು ಕೈಯಲ್ಲಿ ಹಿಡಿದು ಆಡುವ ಹಾಗೆ ಮಾಡಿದ ಆಟ ಅದಕ್ಕೂ ಮುಂಚೆ ಇಷ್ಟು ಚೆನ್ನಾಗಿ ಬಂದಿರಲಿಲ್ಲ. ನನ್ನ ಮಟ್ಟಿಗೆ ಈ ಸರಣಿಯ ಅತ್ಯುತ್ತಮ ಆವೃತ್ತಿ ಇದೇ. ಎದುರಾಳಿ ಬಿದ್ದಿದ್ದರಿಂದ 2ಕೆ ಗೆದ್ದಿತು ಎಂದು ಕೆಲವರು ಹೇಳುತ್ತಾರೆ. ಅದು ಅನ್ಯಾಯದ ಮಾತು. ಎಲೀಟ್ ಸರಿಯಾಗಿ ಬಂದಿದ್ದರೂ ಆ ವರ್ಷ ಗೆಲ್ಲುತ್ತಿದ್ದದ್ದು ಇದೇ.

ಇಎ ಮತ್ತೆ ಪ್ರಯತ್ನಿಸದೇ ಇರಲಿಲ್ಲ. 2012ರದ್ದು ರದ್ದಾಯಿತು. 2013ರದ್ದು ಬಂದರೂ ಜನ ಮೆಚ್ಚಲಿಲ್ಲ. 2018ರ ಎನ್‌ಬಿಎ ಲೈವ್ 19 ಸಾಕಷ್ಟು ಸುಧಾರಿಸಿತ್ತು, ಅದರಲ್ಲಿ ಹೆಣ್ಣು ಆಟಗಾರ್ತಿಯನ್ನು ಸೃಷ್ಟಿಸಿ ಆಡಬಹುದಿತ್ತು. ಕನ್ಸೋಲಿಗೆ ಬಂದ ಕೊನೆಯ ಲೈವ್ ಅದು. ಬೇರೆ ಆಟವೇ ಇಲ್ವಾ ಎಂದು ಕೇಳಿದಿರಿ. ಎನ್‌ಬಿಎ ತಂಡಗಳಿರುವ, ಐವರ ಎದುರು ಐವರು ಆಡುವ ಗಂಭೀರ ಆಟ ಬೇಕೆಂದರೆ, ಇಲ್ಲ.

ಎದುರಾಳಿ ಇಲ್ಲದ ಕಾಲದಲ್ಲೂ ಸ್ಟುಡಿಯೋದವರು ಆಟದ ಮೇಲಿನ ಪ್ರೀತಿ ಬಿಟ್ಟಿಲ್ಲ. ಎನ್‌ಬಿಎ ತಾರೆ ಸ್ಟೆಫನ್ ಕರಿ ಕಥೆ ಕೇಳಿ. ಬೇಗ ಬೇಗ ಡ್ರಿಬಲ್ ಮಾಡುತ್ತಾ, ದೂರದಿಂದ, ಕಾಲು ಸರಿಯಾಗಿ ಊರದೆ ಶಾಟ್ ಹೊಡೆದರೆ ಅದು ತಪ್ಪಬೇಕು ಎಂಬುದು ಆಟದ ಲೆಕ್ಕಾಚಾರ. ನಿಮಗೂ ನಿಮ್ಮ ಕೋಚ್ ಇದನ್ನೇ ಹೇಳಿರುತ್ತಾರೆ. ಕರಿ ನಿಜವಾದ ಅಂಗಣದಲ್ಲಿ ಹಾಗೇ ಹೊಡೆದು ಹಾಕುತ್ತಿದ್ದರು. 2015ರ ಕೊನೆಗೆ ಗೇಮ್‌ಪ್ಲೇ ನಿರ್ದೇಶಕ ಮೈಕ್ ವಾಂಗ್, ಕರಿ ನಮ್ಮ ನಿಯಮಗಳನ್ನೇ ಮುರಿಯುತ್ತಿದ್ದಾರೆ, ಅವರನ್ನು ಆಟದೊಳಗೆ ಸರಿಯಾಗಿ ತರುವುದೇ ಕಷ್ಟವಾಗಿದೆ ಎಂದು ಒಪ್ಪಿಕೊಂಡರು. ಒಬ್ಬ ಆಟಗಾರ ಕ್ರೀಡೆಯನ್ನು ಎಷ್ಟು ಬದಲಿಸಿದ ಅನ್ನುವುದಕ್ಕೆ ಗೇಮ್ ಮಾಡುವವರ ಈ ಪೇಚಾಟವೇ ಸಾಕ್ಷಿ. 2ಕೆ20ರಿಂದ ಮಹಿಳೆಯರ ಡಬ್ಲ್ಯುಎನ್‌ಬಿಎಯ 12 ತಂಡಗಳೂ ಒಳಗೆ ಬಂದವು. 2ಕೆ22ರಲ್ಲಿ ಕ್ಯಾಂಡೇಸ್ ಪಾರ್ಕರ್ ಮುಖಪುಟಕ್ಕೆ ಬಂದ ಮೊದಲ ಮಹಿಳೆಯಾದರು. ತಡವಾಯಿತು, ಆದರೆ ಬಂತಲ್ಲ.

ಈಗ ಅಂಗಡಿಯ ವಿಷಯ. 2ಕೆ10ರಲ್ಲಿ ನಿಮ್ಮದೇ ಒಬ್ಬ ಆಟಗಾರನನ್ನು ಸೃಷ್ಟಿಸಿ ಬೆಳೆಸುವ ಮೈ ಪ್ಲೇಯರ್ ಬಂದಿತ್ತು. ಅದು ನಿಜಕ್ಕೂ ಒಳ್ಳೆಯ ಕಲ್ಪನೆ. ಚೆನ್ನಾಗಿ ಆಡಿದರೆ ನಿಮ್ಮ ಹುಡುಗ ಬಲವಾಗುತ್ತಾನೆ, ಅಷ್ಟೇ. 2ಕೆ13ರಲ್ಲಿ ವಿಸಿ ಎಂಬ ಆಟದ ನಾಣ್ಯ ಬಂತು. ಆಡಿ ಗಳಿಸಬಹುದು, ಬ್ಯಾಂಕ್ ಕಾರ್ಡ್ ಉಜ್ಜಿ ಕೊಳ್ಳಲೂಬಹುದು. ಅದೇ ವರ್ಷ ಮೈ ಟೀಮ್ ಬಂತು. ಅದರಲ್ಲಿ ಆಟಗಾರರ ಕಾರ್ಡಿನ ಪೊಟ್ಟಣ ಕೊಳ್ಳಬೇಕು, ಒಳಗೆ ಯಾರಿದ್ದಾರೋ ಅದೃಷ್ಟ. ಆಡಿ ಗಳಿಸುವ ದಾರಿ ಬರಬರುತ್ತಾ ಉದ್ದವಾಯಿತು, ಕೊಳ್ಳುವ ದಾರಿ ಹತ್ತಿರವಾಯಿತು. 2ಕೆ18ರಲ್ಲಿ ನಿಮ್ಮ ಆಟಗಾರನ ತಲೆಕೂದಲು ಕತ್ತರಿಸಲೂ ವಿಸಿ ತೆರಬೇಕಿತ್ತು. ಜನ ಬೈದ ಮೇಲೆ ಆ ಬೆಲೆ ಇಳಿಸಿದರು. 2019ರಲ್ಲಿ ಮೈ ಟೀಮ್ ಜಾಹೀರಾತಿನಲ್ಲಿ ಜೂಜುಕಟ್ಟೆಯ ಸ್ಲಾಟ್ ಯಂತ್ರ, ತಿರುಗುವ ಚಕ್ರಗಳನ್ನೇ ಹೆಮ್ಮೆಯಿಂದ ತೋರಿಸಿದರು. 2020ರಲ್ಲಿ ಪೂರ್ತಿ ಬೆಲೆ ಕೊಟ್ಟು ಕೊಂಡ ಆಟದಲ್ಲಿ ದಾಟಿಸಲಾಗದ ಜಾಹೀರಾತು ಬಂತು. ಅದು ಆ ಜಾಗದಲ್ಲಿ ಬರಬಾರದಿತ್ತು ಎಂದು ಕಂಪನಿ ಹೇಳಬೇಕಾಯಿತು.

ಬೆಲ್ಜಿಯಂ ಸರ್ಕಾರ ಇಂಥ ಅದೃಷ್ಟದ ಪೊಟ್ಟಣಗಳನ್ನು ಜೂಜು ಎಂದೇ ಪರಿಗಣಿಸಿತು. 2018ರಲ್ಲಿ 2ಕೆ ಅಲ್ಲಿ ನಿಜವಾದ ದುಡ್ಡಿಗೆ ಪೊಟ್ಟಣ ಮಾರುವುದನ್ನು ನಿಲ್ಲಿಸಿತು. ಜೊತೆಗೆ, ಈ ನಿಯಮ ಸರಿಯಿಲ್ಲ ಅನ್ನಿಸಿದರೆ ನಿಮ್ಮ ಜನಪ್ರತಿನಿಧಿಗೆ ಹೇಳಿ ಎಂದು ಅಲ್ಲಿನ ಆಟಗಾರರನ್ನು ಕೇಳಿಕೊಂಡಿತು. ಹದಿನೈದು ಹದಿನಾರರ ಮಕ್ಕಳು ಆಡುವ ಆಟದ ಕಂಪನಿ ಇಂಥ ಮಾತಾಡಿದ್ದು ನನಗೆ ಇಂದಿಗೂ ಬೇಸರ ತರುತ್ತದೆ.

ಇನ್ನೂ ಒಂದು ಪೆಟ್ಟಿದೆ, ಅದನ್ನು ಮಗನಿಗೆ ಖಂಡಿತ ಹೇಳಿ. ಸುಮಾರು ಎರಡು ವರ್ಷದ ಮೇಲೆ ಹಳೆಯ ಆವೃತ್ತಿಯ ಸರ್ವರ್ ಮುಚ್ಚುತ್ತಾರೆ. 2021ರಲ್ಲಿ ಬಂದ 2ಕೆ22ರ ಸರ್ವರ್ 2023ರ ಡಿಸೆಂಬರ್ 31ಕ್ಕೆ ನಿಂತಿತು. ದುಡ್ಡು ಕೊಟ್ಟು ಕೂಡಿಸಿದ ಕಾರ್ಡುಗಳು, ಆನ್‌ಲೈನ್ ನಗರ ಎಲ್ಲ ಅಲ್ಲಿಗೆ ಮುಗಿಯಿತು. ವಿಸಿಗೆ ಹಾಕಿದ ದುಡ್ಡು ಆ ವರ್ಷದ ಬಾಡಿಗೆ ಇದ್ದ ಹಾಗೆ, ಆಸ್ತಿಯಲ್ಲ.

ಹಾಗಾದರೆ ಕೊಡಿಸಬೇಕಾ, ಬೇಡ್ವಾ? ಬೇಡ ಎಂದು ನಾನು ಹೇಳುವುದಿಲ್ಲ. ನಮ್ಮಲ್ಲಿ ಎನ್‌ಬಿಎ ಪಂದ್ಯಗಳು ನೇರ ಪ್ರಸಾರವಾಗುವುದು ಬೆಳಗಿನ ಹೊತ್ತು, ಕಾಲೇಜಿಗೆ ಹೊರಡುವ ಗಡಿಬಿಡಿಯಲ್ಲಿ. ಎಷ್ಟೋ ಹುಡುಗರು ಪಿಕ್ ಅಂಡ್ ರೋಲ್ ಯಾಕೆ ಮಾಡುತ್ತಾರೆ, ಝೋನ್ ಡಿಫೆನ್ಸ್ ಹೇಗೆ ಒಡೆಯಬೇಕು ಅನ್ನುವುದನ್ನು ಈ ಆಟದಿಂದಲೇ ಕಲಿತಿದ್ದಾರೆ. ಅದು ಸಣ್ಣ ಲಾಭವಲ್ಲ. ಆದರೆ ಸೆಪ್ಟೆಂಬರಿನಲ್ಲೇ ಕೊಳ್ಳುವ ಅಗತ್ಯವಿಲ್ಲ. ಕೆಲವು ತಿಂಗಳು ಕಾದರೆ ಬೆಲೆ ಚೆನ್ನಾಗಿ ಇಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಕೊಂಡರೂ ಸಾಕು. ಕಂಪ್ಯೂಟರಿನಲ್ಲಿ ಆಡುವುದಾದರೆ 2ಕೆ25 ಅಥವಾ ಅದರ ನಂತರದ್ದನ್ನೇ ತನ್ನಿ. 2ಕೆ21ರಿಂದ 2ಕೆ24ರವರೆಗೆ ಕಂಪ್ಯೂಟರಿಗೆ ಕೊಟ್ಟದ್ದು ಹಳೆಯ ಕನ್ಸೋಲಿನ ಆವೃತ್ತಿ, ಬೆಲೆ ಮಾತ್ರ ಹೊಸ ಆಟದ್ದು. ನನ್ನ ಮೆಚ್ಚಿನ 2ಕೆ11 ಈಗ ಆನ್‌ಲೈನ್ ಅಂಗಡಿಗಳಲ್ಲಿ ಸಿಗುವುದಿಲ್ಲ. ಹಳೆಯ ಕನ್ಸೋಲ್ ಇದ್ದರೆ ಹಳೆಯ ಡಿಸ್ಕ್ ಹುಡುಕಬೇಕು.

ಕೊಡಿಸಿದ ಮೇಲೆ ಮೈ ಟೀಮ್ ಕಡೆ ಹೋಗದೆ ಮೈ ಎನ್‌ಬಿಎ ತೆರೆಯಲು ಹೇಳಿ. ಅದರಲ್ಲಿ 2ಕೆ23ರಿಂದ ಎರಾಸ್ ಎಂಬ ಭಾಗವಿದೆ. ಇಡೀ ಆಟದಲ್ಲಿ ಅತ್ಯಂತ ಪ್ರೀತಿಯಿಂದ ಮಾಡಿದ್ದು ಅದೇ ಎಂದು ನನಗನ್ನಿಸುತ್ತದೆ. ಅಲ್ಲಿ ವಿಸಿ ಕೊಳ್ಳಬೇಕಿಲ್ಲ. 1983ರ ಮ್ಯಾಜಿಕ್ ಜಾನ್ಸನ್ ಮತ್ತು ಲ್ಯಾರಿ ಬರ್ಡ್ ಕಾಲ, 1991ರ ಜೋರ್ಡನ್ ಕಾಲ, 2002ರ ಕೋಬಿ ಬ್ರಯಂಟ್ ಕಾಲ, ಇವುಗಳಲ್ಲಿ ಯಾವುದರಿಂದ ಬೇಕಾದರೂ ಲೀಗನ್ನು ಶುರು ಮಾಡಬಹುದು. ನೀವು ಆಡಿದ ದಿನಗಳ ಬ್ಯಾಸ್ಕೆಟ್‌ಬಾಲ್ ಹೇಗಿತ್ತು ಎಂದು ಮಗನಿಗೆ ತೋರಿಸಬೇಕಿದ್ದರೆ 1983ನ್ನು ಆರಿಸಿ. ಲೀಗಿನಲ್ಲಿ ಆಗ ಇದ್ದದ್ದು 23 ತಂಡಗಳು. ಮೂರಂಕದ ಶಾಟನ್ನು ಹೊಡೆಯುವವರು ಕಡಿಮೆ, ಚೆಂಡು ಮೊದಲು ಪೋಸ್ಟಿನಲ್ಲಿ, ಅಂದರೆ ಬುಟ್ಟಿಯ ಹತ್ತಿರ, ನಿಂತ ದೊಡ್ಡಾಳಿನ ಕೈಗೇ ಹೋಗುತ್ತಿತ್ತು. ಕರಿ ಕಾಲದಲ್ಲಿ ಬೆಳೆದ ಹುಡುಗನಿಗೆ ಅದನ್ನು ಆಡಿ ಗೆಲ್ಲುವುದು ಸುಲಭವಿಲ್ಲ, ನಿಮ್ಮ ಸಹಾಯ ಬೇಕಾಗುತ್ತದೆ.

— ಸಂಪಾದಕ