ಬೇಗ ದಡ ಸೇರಿದ ಇಲಿ

ಮಾನ್ಯರೇ,

ಕಲಿಕೆ ಮತ್ತು ನೆನಪಿನ ಮೇಲೆ ಔಷಧಗಳು ಬೀರುವ ಪರಿಣಾಮವನ್ನು ಪ್ರಯೋಗಾಲಯದ ಇಲಿಗಳಲ್ಲಿ ಪರೀಕ್ಷಿಸುವ ಬಗೆಯನ್ನು ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆವು. ಭಾಷೆಯ ಬಗ್ಗೆ ತಕರಾರಿಲ್ಲ, ಎಡವಿರುವುದು ತರ್ಕದಲ್ಲಿ.

'ಮದ್ದು ಪಡೆದ ಇಲಿಗಳು ಕಟ್ಟೆಯನ್ನು ಬೇಗ ಮುಟ್ಟಿದವು, ಆದ್ದರಿಂದ ಅವುಗಳ ನೆನಪು ಹೆಚ್ಚಿತು' ಎಂಬ ವಾಕ್ಯದ ಮೇಲೆ ಇಡೀ ಲೇಖನ ನಿಂತಿದೆ. ನರವಿಜ್ಞಾನಿ ರಿಚರ್ಡ್ ಮಾರಿಸ್ 1981ರಲ್ಲಿ ವಿವರಿಸಿದ ಈ ಈಜು ಪರೀಕ್ಷೆಯಲ್ಲಿ, ತಳ ಕಾಣದಂತೆ ಕದಡಿದ ನೀರಿನ ದುಂಡು ತೊಟ್ಟಿಯೊಳಗೆ ಇಲಿಯನ್ನು ಬಿಡುತ್ತಾರೆ. ಅದು ಕೋಣೆಯ ಗುರುತುಗಳನ್ನು ಆಧರಿಸಿ, ನೀರಿನ ಮಟ್ಟದಿಂದ ತುಸು ಕೆಳಗೆ ಅಡಗಿರುವ ಪುಟ್ಟ ಕಟ್ಟೆಯನ್ನು ಹುಡುಕಬೇಕು. ಆದರೆ ಮದ್ದು ಕೈಕಾಲುಗಳಿಗೆ ಚುರುಕು ತಂದಿದ್ದರೂ ಇಲಿ ಬೇಗ ತಲುಪುತ್ತದೆ. ಈ ಅನುಮಾನವನ್ನು ನಿವಾರಿಸಲೆಂದೇ ಸಂಶೋಧಕರು ಈಜಿನ ವೇಗವನ್ನೂ ಸಾಗಿದ ದೂರವನ್ನೂ ಬೇರೆ ಬೇರೆಯಾಗಿ ಅಳೆಯುತ್ತಾರೆ, ಕಣ್ಣಿಗೆ ಕಾಣುವ ಕಟ್ಟೆಯನ್ನಿಟ್ಟು ದೃಷ್ಟಿಯನ್ನು ಪರೀಕ್ಷಿಸುತ್ತಾರೆ. ಕೊನೆಗೆ ಕಟ್ಟೆಯನ್ನೇ ತೆಗೆದುಬಿಟ್ಟು, ತೊಟ್ಟಿಯಲ್ಲಿ ಅದು ಇದ್ದ ಕಾಲುಭಾಗದಲ್ಲಿ ಇಲಿ ಎಷ್ಟು ಹೊತ್ತು ಸುಳಿದಾಡುತ್ತದೆ ಎಂದು ನೋಡುತ್ತಾರೆ. ಇಲ್ಲದ ಕಟ್ಟೆಗಾಗಿ ಅಲ್ಲಿಯೇ ಸುತ್ತುವ ಇಲಿಯ ಚಿತ್ರ ನಿಮ್ಮ ಲೇಖನದಲ್ಲಿ ಎಲ್ಲಿಯೂ ಇಲ್ಲ. ನನ್ನ ಮಟ್ಟಿಗೆ ಇಡೀ ವಿಷಯದ ಜೀವಾಳವೇ ಅದು.

ಕತ್ತಲ ಕೋಣೆಯ ಪ್ರಯೋಗದಲ್ಲಿಯೂ ಇದೇ ತಪ್ಪು ಮರುಕಳಿಸಿದೆ. ಹಿಂದಿನ ದಿನ ಅಲ್ಲಿ ವಿದ್ಯುತ್ ಆಘಾತ ತಿಂದ ಇಲಿ ಮರುದಿನ ಒಳಹೋಗಲು ಹಿಂಜರಿದರೆ ಅದನ್ನು ನೆನಪು ಎನ್ನುತ್ತೀರಿ. ಪರೀಕ್ಷೆಯ ಹೊತ್ತಿಗೆ ಮಂಪರಿನಲ್ಲಿರುವ ಇಲಿಯೂ ಕದಲದೆ ಕೂರುತ್ತದೆ. ಆಘಾತಕ್ಕೆ ಮೊದಲು ನೋವುನಿವಾರಕ ಪಡೆದ ಇಲಿಯಾದರೋ ಏನನ್ನೂ ಮರೆಯದೆಯೇ ಒಳನುಗ್ಗಬಹುದು.

ಮದ್ದನ್ನು ಯಾವಾಗ ಕೊಟ್ಟರು ಎಂಬುದನ್ನು ನೀವು ಹೇಳಿಯೇ ಇಲ್ಲ. ತರಬೇತಿಗೆ ಮೊದಲು ಕೊಟ್ಟರೆ ಕಲಿಕೆಯ ಜೊತೆಗೆ ಗಮನ, ಚಲನೆ ಎಲ್ಲವೂ ಬದಲಾಗಬಹುದು. ಮುಗಿದ ಕೂಡಲೇ ಕೊಟ್ಟರೆ, ನೆನಪು ಗಟ್ಟಿಗೊಳ್ಳುವ ಹಂತವನ್ನು ಹೆಚ್ಚುಕಡಿಮೆ ಪ್ರತ್ಯೇಕವಾಗಿ ನೋಡಬಹುದು. ನೆನಪಿನ ಸಂಶೋಧಕ ಜೇಮ್ಸ್ ಮೆಗಾ ಅವರ ಹೆಸರನ್ನು ಗೌರವದಿಂದ ಉಲ್ಲೇಖಿಸಿದ್ದೀರಿ, ಆದರೆ ಅವರ ಕೆಲಸಕ್ಕೆ ತೂಕ ಬಂದದ್ದೇ ತರಬೇತಿಯ ನಂತರ ಚುಚ್ಚುಮದ್ದು ಕೊಡುವ ಈ ಉಪಾಯದಿಂದ ಎಂಬುದನ್ನು ಬಿಟ್ಟಿದ್ದೀರಿ. ಇನ್ನೊಂದು ತೊಡಕೂ ಇದೆ: ಮದ್ದಿನ ಅಮಲಿನಲ್ಲಿ ಕಲಿತದ್ದು ಅಮಲಿಳಿದ ಮೇಲೆ ಹೊಳೆಯದೆ, ಮತ್ತೆ ಅದೇ ಮದ್ದು ಕೊಟ್ಟಾಗ ಮರಳಬಹುದು. ಸಂಶೋಧಕ ಡೊನಾಲ್ಡ್ ಓವರ್ಟನ್ 1964ರಲ್ಲಿ ಪೆಂಟೊಬಾರ್ಬಿಟಾಲ್ ಎಂಬ ಮಂಪರು ಬರಿಸುವ ಮದ್ದು ಬಳಸಿ ಇಲಿಗಳಲ್ಲಿ ಇದನ್ನು ತೋರಿಸಿದ್ದರು.

ನೆನಪನ್ನು ಕುಂದಿಸುವ ಸ್ಕೋಪೊಲಮೈನ್ ಎಂಬ ಮದ್ದು ಕೊಟ್ಟು 'ಆಲ್ಜೈಮರ್ ಕಾಯಿಲೆ ಬರಿಸಿದರು' ಎಂಬ ಮಾತನ್ನು ದಯವಿಟ್ಟು ಹೊಡೆದುಹಾಕಿ. ಆ ಮದ್ದು, ನರಕೋಶಗಳ ನಡುವೆ ಸಂದೇಶ ಒಯ್ಯುವ ಅಸೆಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಬರಮಾಡಿಕೊಳ್ಳುವ ಮಸ್ಕರಿನಿಕ್ ಗ್ರಾಹಕಗಳನ್ನು ತಾತ್ಕಾಲಿಕವಾಗಿ ತಡೆಯುತ್ತದೆ, ಅಷ್ಟೆ. ಮದ್ದಿಲ್ಲದ ಗುಂಪಿಗೂ ಅದೇ ಬಗೆಯ ಸೂಜಿಯಿಂದ ಬರೀ ಲವಣದ್ರಾವಣ ಚುಚ್ಚುತ್ತಾರೆ ಎಂಬ ವಿವರವನ್ನೂ ಸೇರಿಸಿ.

ಮನುಷ್ಯರ ಮರೆವಿನ ಬಗೆಗಿನ ಮೊದಲ ಎರಡು ಪುಟಗಳನ್ನು ತೆಗೆದು, ತೊಟ್ಟಿಯಿಂದಲೇ ಲೇಖನವನ್ನು ಆರಂಭಿಸಿ ಕಳುಹಿಸಿದರೆ ಮತ್ತೆ ಓದುತ್ತೇನೆ.

ಇಂತು,
ಸಂಪಾದಕ