ನಾಲ್ಕು ಊರಿನ ಪಟ್ಟಿ ಬಿಡಿ, ಒಂದು ಸೀಮೆ ಹಿಡಿಯಿರಿ

ಪತ್ರ: ಮೇ ತಿಂಗಳಲ್ಲಿ ನಾವಿಬ್ಬರು ದಂಪತಿ ಹತ್ತು ದಿನ ಯುರೋಪಿಗೆ ಹೊರಟಿದ್ದೇವೆ. ಪ್ಯಾರಿಸ್, ಲುಸರ್ನ್, ವೆನಿಸ್, ರೋಮ್ ಎಂದು ಪಟ್ಟಿಯಾಗಿದೆ. ಆರಾಮವಾಗಿ ಊಟ, ವೈನ್, ಊರು ನೋಡುವುದು ಇಷ್ಟೇ ಆಸೆ. ಹೆಂಡತಿ ಸಸ್ಯಾಹಾರಿ, ಮೊಟ್ಟೆ ಆಗುತ್ತದೆ. ಈ ಪಟ್ಟಿ ಸರಿಯೇ? (ಶಿವಮೊಗ್ಗದ ಓದುಗರು)

ಮಾನ್ಯರೇ,

ಆರಾಮ ಬೇಕೆನ್ನುವವರ ಪಟ್ಟಿ ಇದಲ್ಲ. ಹೋಗಿಬರುವ ವಿಮಾನಕ್ಕೇ ಎರಡು ದಿನ ಕಳೆಯಿರಿ. ಉಳಿದ ಎಂಟರಲ್ಲಿ ಮೂರು ಸಲ ಹೋಟೆಲ್ ಬದಲಿಸಬೇಕು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ರೂಮು ಬಿಟ್ಟರೆ ಹೊಸ ರೂಮು ಸಿಗುವುದು ಮಧ್ಯಾಹ್ನ ಮೂರಕ್ಕೆ. ಅಲ್ಲಿಯವರೆಗೆ ಸೂಟ್‌ಕೇಸ್ ಎಳೆಯುವ ಕೆಲಸ. ಒಳ್ಳೆಯ ಊಟದ ಹೊತ್ತೂ ಅದೇ. ಫ್ರಾನ್ಸಿನ ಸಣ್ಣ ಊರುಗಳಲ್ಲಿ ಅಡುಗೆಮನೆ 12ಕ್ಕೆ ತೆರೆದು 2ಕ್ಕೆ ಮುಚ್ಚಿತೆಂದರೆ ಮತ್ತೆ ಸಂಜೆ 7ಕ್ಕೇ.

ನಮ್ಮ ಸಲಹೆ ಅಲ್ಸಾಸ್. ಫ್ರಾನ್ಸಿನ ಪೂರ್ವದಂಚು, ಜರ್ಮನಿಯ ಗಡಿ. ಬೆಂಗಳೂರಿನಿಂದ ಪ್ಯಾರಿಸ್‌ಗೆ ನೇರ ವಿಮಾನವಿದೆ; ಅಲ್ಲಿಂದ ಟಿಜಿವಿ ಎಂಬ ಅತಿವೇಗದ ರೈಲು ಎರಡು ಗಂಟೆಯೊಳಗೆ ಸ್ಟ್ರಾಸ್‌ಬರ್ಗ್ ತಲುಪಿಸುತ್ತದೆ. ಟಿಕೆಟ್ ತಡಮಾಡಿದಷ್ಟೂ ದುಬಾರಿ. ಸ್ಟ್ರಾಸ್‌ಬರ್ಗಿನಲ್ಲಿ ಮೂರು ರಾತ್ರಿ, ರೈಲಿನಲ್ಲಿ ಅರ್ಧ ಗಂಟೆ ದೂರದ ಕೋಲ್ಮಾರ್‌ನಲ್ಲಿ ನಾಲ್ಕು ರಾತ್ರಿ, ಕೊನೆಯ ರಾತ್ರಿ ಪ್ಯಾರಿಸ್. ಸ್ಟ್ರಾಸ್‌ಬರ್ಗಿನ ಕ್ಯಾಥೆಡ್ರಲ್ 142 ಮೀಟರ್ ಎತ್ತರ, ಎರಡು ಶತಮಾನಕ್ಕೂ ಹೆಚ್ಚು ಕಾಲ ಲೋಕದಲ್ಲೇ ಎತ್ತರದ ಕಟ್ಟಡವಾಗಿತ್ತು. ಕೋಲ್ಮಾರ್‌ನ ಉಂಟರ್‌ಲಿಂಡನ್ ಮ್ಯೂಸಿಯಂಗೆ ಮಂಗಳವಾರ ರಜೆ. ಮೇ 1 ಮತ್ತು 8 ಸಾರ್ವಜನಿಕ ರಜೆ. ಆ ದಿನಗಳಿಗೆ ಏನನ್ನೂ ನೆಚ್ಚಿಕೊಳ್ಳಬೇಡಿ.

ಊಟದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಇಲ್ಲಿನ ಟಾರ್ಟ್ ಫ್ಲಾಂಬೆ ಎಂದರೆ ಕಾಗದದಷ್ಟು ತೆಳ್ಳಗೆ ಲಟ್ಟಿಸಿದ ಹಿಟ್ಟು, ಮೇಲೆ ಹುಳಿಕೆನೆ, ಈರುಳ್ಳಿ, ಹಂದಿಮಾಂಸದ ಚೂರು. ಉರಿಯುವ ಒಲೆಯಲ್ಲಿ ಕೆಲವೇ ನಿಮಿಷ, ಅಂಚು ಕರಿಯಾಗಬೇಕು. ಮಾಂಸದ ಚೂರು ಬಿಟ್ಟು ಮಾಡಿಕೊಡಿ ಎಂದರೆ ಮಾಡಿಕೊಡುತ್ತಾರೆ. 'ಸಾನ್ ಲಾರ್ದೋಂ' ಎನ್ನಿ, ಸಾಕು. ಶೂಕ್ರೂತ್ ಎಂಬ ಹುಳಿ ಎಲೆಕೋಸಿನಲ್ಲಿ ಮಾತ್ರ ಈ ಉಪಾಯ ನಡೆಯದು. ಮಾಂಸ ಬದಿಗಿಟ್ಟು ಬಡಿಸಿದರೂ ಕೋಸನ್ನು ಬೇಯಿಸುವುದೇ ಸಾಮಾನ್ಯವಾಗಿ ಹಂದಿ ಅಥವಾ ಬಾತುಕೋಳಿಯ ಕೊಬ್ಬಿನಲ್ಲಿ. ಈರುಳ್ಳಿ ಟಾರ್ಟ್ ಹೆಸರು ನೋಡಿ ನಂಬಬೇಡಿ, ಅದರಲ್ಲೂ ಮಾಂಸವಿರಬಹುದು. ಸೂಪಿಗೆ ಹಾಕಿದ ಸ್ಟಾಕ್ (ಬೇಯಿಸಿದ ಸಾರು) ಮಾಂಸದ್ದೋ ತರಕಾರಿಯದ್ದೋ ಎಂದು ಕೇಳಿ. ಮುನ್‌ಸ್ಟರ್ ಚೀಸ್‌ಗೆ ವಾಡಿಕೆಯಂತೆ ಹಾಕುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್, ಹಾಲು ಹೆಪ್ಪುಗಟ್ಟಿಸುವ ವಸ್ತು. ತಿನ್ನುವುದು ಬಿಡುವುದು ನಿಮ್ಮ ಹೆಂಡತಿಯವರ ನಿರ್ಧಾರ. ಮೊಟ್ಟೆ ಹಾಕಿ ಮಾಡುವ ಶ್ಪೆಟ್ಸ್‌ಲ ಶಾವಿಗೆಯಂಥದ್ದು, ಅವರಿಗೆ ಒಗ್ಗೀತು. ಮಧ್ಯಾಹ್ನದ ಸೆಟ್ ಮೆನು ರಾತ್ರಿಗಿಂತ ಅಗ್ಗ. ನಲ್ಲಿ ನೀರಿನ ಹೂಜಿ ಕೇಳಿದರೆ ದುಡ್ಡಿಲ್ಲ, ಸರ್ವಿಸ್ ಚಾರ್ಜ್ ಬೆಲೆಯಲ್ಲೇ ಸೇರಿರುತ್ತದೆ.

ವೈನ್‌ಗೆ ಎಗಿಶೈಮ್ ಹಳ್ಳಿ ಕೋಲ್ಮಾರ್‌ನಿಂದ ಏಳೇ ಕಿಲೋಮೀಟರ್. ದಿನಕ್ಕೆ ಎರಡು ವೈನರಿ ಸಾಕು. ಮೂರನೆಯದರಲ್ಲಿ ನಾಲಗೆ ಕೆಲಸ ಮಾಡುವುದಿಲ್ಲ. ಮೊದಲೇ ಫೋನ್ ಮಾಡಿ. ಭಾನುವಾರ ಬಹಳ ಕಡೆ ಬಾಗಿಲು ಮುಚ್ಚಿರುತ್ತದೆ, ಬಸ್ಸೂ ವಿರಳ. ಇಲ್ಲಿನ ಬಿಳಿ ವೈನ್‌ಗಳ ರುಚಿ ನೋಡುವಾಗ ಸಿಹಿಯಿಲ್ಲದ ರೀಸ್ಲಿಂಗ್‌ನಿಂದ ಶುರುಮಾಡಿ, ಪಿನೋ ಗ್ರಿ ದಾಟಿ, ಲಿಚಿ-ಗುಲಾಬಿಯ ಘಮದ ಗೆವುರ್ಜ್‌ಟ್ರಾಮಿನರ್‌ಗೆ ಬನ್ನಿ. ಸಿಹಿಯದನ್ನು ಮೊದಲು ಕುಡಿದರೆ ರೀಸ್ಲಿಂಗ್ ಬರೀ ಹುಳಿ ಎನಿಸುತ್ತದೆ. ರುಚಿ ನೋಡಿದ ವೈನ್ ಉಗಿಯಲು ಪಾತ್ರೆ ಇಟ್ಟಿರುತ್ತಾರೆ, ಸಂಕೋಚ ಬೇಡ. ಲೇಬಲ್ ಮೇಲೆ 'ಸೆಕ್' ಎಂದರೆ ಸಿಹಿಯಿಲ್ಲದ್ದು, 'ಮೊಯೆಲೂ' ಎಂದರೆ ಸಿಹಿ. ಕಾರು ಬಾಡಿಗೆಗೆ ಪಡೆಯಬೇಡಿ: ಚಾಲಕರಿಗೆ ಮಿತಿ ಲೀಟರ್ ರಕ್ತಕ್ಕೆ 0.5 ಗ್ರಾಂ ಆಲ್ಕೋಹಾಲ್, ಒಬ್ಬರು ಕುಡಿಯದೆ ಸುಮ್ಮನೆ ಕೂರಬೇಕಾಗುತ್ತದೆ.

ಫ್ರಾನ್ಸಿಗೆ ಬೇಕಾದ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಕಡೇಪಕ್ಷ 15 ದಿನ ಮೊದಲು ಹಾಕಲೇಬೇಕು, ಜನವರಿಯಲ್ಲೇ ಮುಗಿಸಿ. 30,000 ಯುರೋ ರಕ್ಷಣೆಯ ವಿಮೆ ಕಡ್ಡಾಯ. ಬರುವಾಗ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಚೆಕ್-ಇನ್ ಬ್ಯಾಗಿಗೆ ಹಾಕಿ, ಕೈಚೀಲದಲ್ಲಿ ಬಿಡುವುದಿಲ್ಲ. ಭಾರತದ ಕಸ್ಟಮ್ಸ್‌ನಲ್ಲಿ ಸುಂಕವಿಲ್ಲದೆ ಒಬ್ಬರಿಗೆ 2 ಲೀಟರ್, ಅಂದರೆ 750 ಮಿಲಿಯ ಎರಡು ಬಾಟಲಿ. ಮೂರನೆಯದನ್ನು ಕೋಲ್ಮಾರ್‌ನಲ್ಲೇ ಮುಗಿಸಿ ಬನ್ನಿ.

– ಸಂ.