ಗೋಡೆಯ ಪಾಚಿಗೆ ನೀರು ಬೇಡ

ಪ್ರಶ್ನೆ: ಅಂಗಡಿಯ ಒಳಗೋಡೆಗೆ ಸಂಸ್ಕರಿಸಿದ ಪಾಚಿಯ ಫಲಕ ಹಾಕಿಸಿದ್ದೇವೆ. ದಿನಾ ನೀರು ಚಿಮುಕಿಸುತ್ತೇವೆ. ಮಳೆಗಾಲದ ಆಟಿ ತಿಂಗಳು ಶುರುವಾದದ್ದೇ ತಡ, ಪಾಚಿ ಅಂಟಂಟಾಗಿ ಕೆಳಚೌಕಟ್ಟಿನಿಂದ ಹಸಿರು ಹನಿ ಇಳಿಯುತ್ತಿದೆ. ಏನು ಮಾಡಲಿ?
– ಓದುಗರು, ಬದಿಯಡ್ಕ

ಉತ್ತರ: ಮೊದಲು ಆ ಸ್ಪ್ರೇ ಬಾಟಲಿ ಎತ್ತಿಡಿ. ಆ ಪಾಚಿ ಜೀವಂತ ಗಿಡವಲ್ಲ. ಪಾಚಿಯೊಳಗಿನ ನೀರಿನ ಜಾಗದಲ್ಲಿ ಗ್ಲಿಸರಿನ್ ತುಂಬಿ ಬಣ್ಣ ಹಾಕಿರುತ್ತಾರೆ. ಗ್ಲಿಸರಿನ್ ಗಾಳಿಯ ತೇವ ಹೀರುತ್ತದೆ. ಪಾಚಿ ಮೆತ್ತಗಿರುವುದು ಅದರಿಂದಲೇ, ತೇವ ಅತಿಯಾದರೆ ಬಣ್ಣದ ಸಮೇತ ತೊಟ್ಟಿಕ್ಕುವುದೂ ಅದರಿಂದಲೇ. ಕೋಣೆಯ ತೇವಾಂಶ ಶೇ. 40ರಿಂದ 60 ಇದ್ದರೆ ಸಾಕು. ನಮ್ಮ ಕಾಸರಗೋಡಿನ ಮಳೆಗೆ ಬಾಗಿಲು ತೆರೆದಿಟ್ಟರೆ 80 ದಾಟುವುದು ಮಾಮೂಲು. ತೇವಾಂಶ ಅಳೆಯುವ ಹೈಗ್ರೋಮೀಟರ್ ಒಂದನ್ನು ತೂಗುಹಾಕಿ, ಏಸಿಯನ್ನು ಡ್ರೈ ಮೋಡಿನಲ್ಲಿ ಓಡಿಸಿ. ಅದರ ಗಾಳಿ ನೇರ ಪಾಚಿಗೆ ಬಡಿಯಬಾರದು, ಬಡಿದ ಕಡೆ ಗರಿಗರಿಯಾಗಿ ಪುಡಿಯಾಗುತ್ತದೆ. ಹನಿಯನ್ನು ಒಣ ಹತ್ತಿಬಟ್ಟೆಯಲ್ಲಿ ಒತ್ತಿ ತೆಗೆಯಿರಿ. ಉಜ್ಜಿದರೆ ಬಣ್ಣ ಸುಣ್ಣಕ್ಕೆ ಹತ್ತುತ್ತದೆ.

ಫಲಕ ಮುರಕಲ್ಲಿನ (ಕೆಂಪುಕಲ್ಲಿನ) ಹೊರಗೋಡೆಗೆ ತಾಗಿದೆಯೇ ನೋಡಿ. ಗೋಡೆ ಒಸರುತ್ತಿದ್ದರೆ ಏಸಿಯೊಂದರಿಂದಲೇ ಪ್ರಯೋಜನವಿಲ್ಲ; ಫಲಕ ಇಳಿಸಿ, ಒಸರು ನಿಲ್ಲಿಸಿ, ಹಿಂದೆ ಒಂದಿಂಚು ಗಾಳಿ ಬಿಟ್ಟು ಮತ್ತೆ ಕೂರಿಸಿ. ಧೂಳಿಗೆ ಹೇರ್ ಡ್ರೈಯರಿನ ತಣ್ಣನೆಯ ಗಾಳಿ, ಒಂದಡಿ ದೂರದಿಂದ. ಬಿಸಿಲು ಬೀಳುವ ಗೋಡೆಯಾದರೆ ಪರದೆ ಹಾಕಿ, ಮಾಸಿದ ಬಣ್ಣ ಮರಳುವುದಿಲ್ಲ.